ಬೆಟ್ಟಕ್ಕೆ ಒಯ್ಯುವ ಮುಕ್ಕಾಲಿ

(ರಾಜ್ಯೋತ್ಸವದ ಸಭೆಯಲ್ಲಿ ಸಂಘದ ಚಾರಣ ಬಳಗದ ಪರವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡುನುಡಿಯ ಮಾತು ನಡೆಯುವುದು ಪದ್ಧತಿ. ಆ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಆಡಿದ್ದಾರೆ. ನಮ್ಮ ಬಳಗಕ್ಕೆ ಕಾರ್ಯದರ್ಶಿಗಳು ಒಪ್ಪಿಸಿರುವ ವಿಷಯ ಬಹು ಸಣ್ಣದು. ಕ್ಯಾಮರಾವನ್ನು ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಆಸರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಅವರ ಅಪ್ಪಣೆ. ಅಂಗಡಿಯವರು ಅದನ್ನು ಟ್ರೈಪಾಡ್ ಎನ್ನುತ್ತಾರೆ. ನಾವು ಮುಕ್ಕಾಲಿ ಎನ್ನೋಣ.

ವಿಷಯ ಸಣ್ಣದಾದರೂ ಅದರ ಹಿಂದಿನ ಆಸೆ ಸಣ್ಣದಲ್ಲ. ಪುಣೆಯಲ್ಲಾಗಲಿ ಮುಂಬಯಿಯಲ್ಲಾಗಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಇರುಳೆಂದರೆ ಬೀದಿದೀಪದ ಬೆಳಕು. ಕೃತ್ತಿಕೆ, ರೋಹಿಣಿ ಎಂಬ ಹೆಸರುಗಳನ್ನು ಅವರು ಪಂಚಾಂಗದಲ್ಲಿ ಕೇಳಿದ್ದಾರೆ. ಆಕಾಶದಲ್ಲಿ ಕಂಡವರು ಕಡಿಮೆ. ಅದೃಷ್ಟವಶಾತ್ ಸಹ್ಯಾದ್ರಿ ನಮ್ಮ ಮನೆಬಾಗಿಲಲ್ಲೇ ಇದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯೂ ಇಲ್ಲಿಯ ರಾಜಮಾಚಿ, ಹರಿಶ್ಚಂದ್ರಗಡಗಳೂ ಒಂದೇ ಬೆಟ್ಟಸಾಲಿನವು. ಮಳೆ ಹಿಂದೆಗೆದ ಮೇಲೆ ಒಂದು ರಾತ್ರಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಆಕಾಶ ತೋರಿಸಬೇಕು, ನೆನಪಿಗೆ ಒಂದು ಚಿತ್ರ ತೆಗೆಯಬೇಕು ಎಂದು ಹಲವು ಮನೆಯವರಿಗೆ ಆಸೆ. ಪ್ರತಿ ವರ್ಷ ಇದೇ ಕಾಲದಲ್ಲಿ ನಮ್ಮನ್ನು ಅವರು ಕೇಳುವ ಪ್ರಶ್ನೆಯೂ ಒಂದೇ: ಎಂಥ ಮುಕ್ಕಾಲಿ ಕೊಳ್ಳೋಣ?

ಸಂಬಳದ ಹಣದಲ್ಲಿ ಕೊಳ್ಳುವ ವಸ್ತುವಾದ್ದರಿಂದ ಈ ಪ್ರಶ್ನೆಗೆ ಹುಷಾರಾಗಿಯೇ ಉತ್ತರ ಹೇಳಬೇಕು. ಕೊಂಡ ಮುಕ್ಕಾಲಿ ಎರಡು ಬಗೆಯಲ್ಲಿ ವ್ಯರ್ಥವಾಗುವುದನ್ನು ನಾವು ನೋಡಿದ್ದೇವೆ. ಒಂದು, ಬಹಳ ಗಟ್ಟಿಯಾದದ್ದನ್ನು ತಂದು, ಒಂದು ಸಲ ಹೊತ್ತು, ಹೆಗಲು ನೊಂದು, ಅದನ್ನು ಅಟ್ಟಕ್ಕೆ ಸೇರಿಸುವುದು. ಎರಡು, ಬಹಳ ಹಗುರವಾದದ್ದನ್ನು ತಂದು, ಸಂತೋಷವಾಗಿ ಹೊತ್ತು, ಬೆಟ್ಟದ ಗಾಳಿಯಲ್ಲಿ ಅದು ನಡುಗಿ, ಇರುಳೆಲ್ಲ ತೆಗೆದ ಚಿತ್ರಗಳೆಲ್ಲ ಕದಡಿ ಬರುವುದು. ಈ ಎರಡರ ನಡುವಿನ ದಾರಿ ಯಾವುದೆಂಬುದೇ ಇಂದಿನ ಮಾತು. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ತೂಕ ಇಳಿಸಬೇಕಾದರೆ ಎತ್ತರವನ್ನು ಬಿಡಿ, ಗಟ್ಟಿತನವನ್ನು ಬಿಡಬೇಡಿ.

ಇರುಳಿನಲ್ಲಿ ಮುಕ್ಕಾಲಿ ಏತಕ್ಕೆ ಬೇಕು? ಹಗಲಿನ ಬಿಸಿಲಲ್ಲಿ ಕ್ಯಾಮರಾದ ಕಣ್ಣು ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ತೆರೆದರೆ ಸಾಕು. ಆ ಕ್ಷಣದಲ್ಲಿ ನಮ್ಮ ಕೈ ನಡುಗಿದ್ದು ಚಿತ್ರಕ್ಕೆ ತಿಳಿಯುವುದಿಲ್ಲ. ನಕ್ಷತ್ರಗಳ ಬೆಳಕು ಅತ್ಯಲ್ಪ. ಅದನ್ನು ಕೂಡಿಹಾಕಲು ಅದೇ ಕಣ್ಣನ್ನು 15 ಅಥವಾ 20 ಸೆಕೆಂಡು ತೆರೆದಿಡಬೇಕು, ಎಂದರೆ ಹಗಲಿಗಿಂತ ಸುಮಾರು 2,000 ಪಾಲು ಹೆಚ್ಚು ಹೊತ್ತು. ಅಷ್ಟು ಹೊತ್ತು ಅಲುಗದೆ ಹಿಡಿಯುವ ಕೈ ಯಾರಿಗೂ ಇಲ್ಲ.

ಇನ್ನೂ ಹೆಚ್ಚು ಹೊತ್ತು ತೆರೆದಿಡಬಾರದೆ ಎಂದು ಕೇಳಬಹುದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಆದುದರಿಂದ 20 ಸೆಕೆಂಡಿನಲ್ಲಿ ನಕ್ಷತ್ರವು ಹುಣ್ಣಿಮೆಯ ಚಂದ್ರನ ಅಗಲದ ಆರನೆಯ ಒಂದು ಪಾಲಿನಷ್ಟು ಸರಿದಿರುತ್ತದೆ. ಅದಕ್ಕೂ ಮೀರಿದರೆ ಚುಕ್ಕಿ ಗೀಟಾಗುತ್ತದೆ. ರೂಢಿಯಲ್ಲಿರುವ ಲೆಕ್ಕವೊಂದಿದೆ: 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಸೆಕೆಂಡು ತೆರೆದಿಡಬಹುದೆಂದು ತಿಳಿಯುತ್ತದೆ. 24 ಮಿಲಿಮೀಟರಿನ ಲೆನ್ಸಿಗೆ ಸುಮಾರು 20 ಸೆಕೆಂಡು. ಸೆನ್ಸರ್ ಚಿಕ್ಕದಾದ ಕ್ಯಾಮರಾಗಳಲ್ಲಿ ನಾಭಿದೂರವನ್ನು ಮೊದಲು ಒಂದೂವರೆಯಿಂದ ಗುಣಿಸಿಕೊಳ್ಳಬೇಕು. ಇದು ಅಂದಾಜಿನ ಲೆಕ್ಕ. ಬೆಟ್ಟದ ಮೇಲೆ ಇಷ್ಟು ಸಾಕು.

ಕ್ಯಾಮರಾ ಇಲ್ಲ, ಫೋನು ಮಾತ್ರ ಇದೆ ಎನ್ನುವವರಿಗೂ ಈ ಮಾತು ಅನ್ವಯಿಸುತ್ತದೆ. 2019ರ ಹೊತ್ತಿಗೆ ಬಂದ ಕೆಲವು ಫೋನುಗಳಿಂದ ಹಿಡಿದು, ತಾನು ಅಲುಗದೆ ನಿಂತಿರುವುದನ್ನು ಫೋನೇ ಅರಿತು ಹೆಚ್ಚು ಹೊತ್ತು ಬೆಳಕು ಕೂಡಿಸಿಕೊಳ್ಳುವ ಉಪಾಯ ಬಂದಿದೆ. ಕೈಯಲ್ಲಿ ಹಿಡಿದಾಗ ಎರಡು ಮೂರು ಸೆಕೆಂಡಿಗೆ ಮುಗಿಸುವ ಫೋನು ಮುಕ್ಕಾಲಿಯ ಮೇಲೆ ಕೂತೊಡನೆ 30 ಸೆಕೆಂಡು, ಕೆಲವು ಬಗೆಯವು ನಾಲ್ಕು ನಿಮಿಷದವರೆಗೂ ಬೆಳಕು ಕೂಡಿಸುತ್ತವೆ. ಹೊಸ ಫೋನಿಗೆ ಹಣ ಸುರಿಯುವ ಮೊದಲು ಇದ್ದ ಫೋನಿಗೆ ಒಂದು ಆಸರೆ ಕೊಟ್ಟು ನೋಡುವುದು ಲೇಸು.

ಇನ್ನು ಆಯ್ಕೆಯ ವಿಚಾರ. ಕಾಲು ಮೂರೇ ಏಕೆ ಎಂಬುದನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಹೊಲದಲ್ಲಿ ಮೂರು ಗುಂಡು ಹೂಡಿ ಒಲೆ ಮಾಡಿದರೆ ನೆಲ ಹೇಗಿದ್ದರೂ ಮಡಕೆ ಕುಂಟುವುದಿಲ್ಲ; ನಾಲ್ಕು ಗುಂಡಿಟ್ಟರೆ ಒಂದಾದರೂ ತಪ್ಪುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುವುದೇ ಇದಕ್ಕೆ ಕಾರಣ. ಕಲ್ಲುಬಂಡೆಯ ಬೆಟ್ಟದ ಮೇಲೆ ಈ ಗುಣಕ್ಕಿಂತ ಬೇರೆ ಗುಣ ಬೇಕಿಲ್ಲ.

ಗಟ್ಟಿತನ ಎಲ್ಲಿಂದ ಬರುತ್ತದೆ? ಒಂದು ಕೋಲಿನ ಒಂದು ತುದಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಅದುಮಿದರೆ ಅದು ಎಷ್ಟು ಬಾಗುತ್ತದೆಂಬುದು ಉದ್ದದ ಘನವನ್ನು ಅವಲಂಬಿಸಿದೆ. ಉದ್ದವನ್ನು ಅರ್ಧ ಮಾಡಿದರೆ ಬಾಗುವುದು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಗೆಯೇ ಕೊಳವೆಯ ಅಡ್ಡಳತೆಯನ್ನು ಇಮ್ಮಡಿ ಮಾಡಿದರೆ, ಅದರ ಗೋಡೆ ಅಷ್ಟೇ ದಪ್ಪವಿದ್ದರೂ, ತೂಕ ಎರಡು ಪಾಲಾಗುತ್ತದೆ, ಗಟ್ಟಿತನ ಸುಮಾರು ಎಂಟು ಪಾಲಾಗುತ್ತದೆ. ನಿಜವಾದ ಮುಕ್ಕಾಲಿಯಲ್ಲಿ ಕೀಲುಗಳೂ ಬಿಗಿಗಳೂ ಸೇರಿ ಲೆಕ್ಕ ಇಷ್ಟು ಚೊಕ್ಕವಾಗಿರದು. ಆದರೂ ದಾರಿ ಸ್ಪಷ್ಟವಾಗಿದೆ. ದಪ್ಪ ಕಾಲಿನ ಗಿಡ್ಡ ಮುಕ್ಕಾಲಿಯು ತೆಳು ಕಾಲಿನ ಎತ್ತರದ ಮುಕ್ಕಾಲಿಗಿಂತ ಎಷ್ಟೋ ಮೇಲು, ತೂಕ ಎರಡರದೂ ಒಂದೇ ಆಗಿದ್ದರೂ ಸಹ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಕಣ್ಣಿನೆತ್ತರದ ಮುಕ್ಕಾಲಿ ಇರುಳಿನ ಚಿತ್ರಕ್ಕೆ ಬೇಕಾಗಿಯೇ ಇಲ್ಲ. ಈಗಿನ ಕ್ಯಾಮರಾಗಳ ಹಿಂಬದಿಯಲ್ಲಿ ಮಡಿಸಿ ನೋಡುವ ಪರದೆ ಇರುತ್ತದೆ. ಸೊಂಟದ ಎತ್ತರದಲ್ಲಿದ್ದರೂ ಬಗ್ಗಿ ನೋಡಬಹುದು. ಆಕಾಶವನ್ನು ನೋಡುವ ಕ್ಯಾಮರಾ ಮೊಣಕಾಲೆತ್ತರದಲ್ಲಿದ್ದರೆ ಆಕಾಶಕ್ಕೇನೂ ನಷ್ಟವಿಲ್ಲ. ಆದುದರಿಂದ ನಡುಗಂಬ ಎತ್ತದೆ ಸುಮಾರು ಒಂದು ಮೀಟರಿನಿಂದ ಒಂದೂಕಾಲು ಮೀಟರು ಎತ್ತರ ಬರುವುದನ್ನು ಆರಿಸಿದರೆ ಸಾಕು.

ನಡುಗಂಬದ ಮಾತು ಬಂತು. ಮೂರು ಕಾಲುಗಳ ನಡುವಿನಿಂದ ಮೇಲಕ್ಕೆ ಎತ್ತುವ ಆ ಕಂಬವನ್ನು ಎತ್ತಿದೊಡನೆ ಮೂರು ಕಾಲಿನ ಆಸರೆಯ ಮೇಲೆ ಒಂಟಿಕಾಲಿನ ಆಸರೆಯೊಂದನ್ನು ನೆಟ್ಟಂತಾಗುತ್ತದೆ. ಗಾಳಿಗೆ ಮೊದಲು ನಡುಗುವುದು ಅದೇ. ನಡುಗಂಬವೇ ಇಲ್ಲದ, ಇಲ್ಲವೆ ಅದನ್ನು ಕಳಚಿ ಮನೆಯಲ್ಲಿ ಬಿಡಬಹುದಾದ ಮುಕ್ಕಾಲಿ ಚಾರಣಕ್ಕೆ ಒಳ್ಳೆಯದು. ಅದರಿಂದ ತೂಕವೂ ಉಳಿಯಿತು, ಕಾಲುಗಳನ್ನು ಅಗಲಿಸಿ ನೆಲಕ್ಕೆ ತಗ್ಗಿಸಲೂ ಅನುಕೂಲವಾಯಿತು.

ಕಾಲುಗಳು ಎಷ್ಟು ತುಂಡಿನವು ಎಂಬುದನ್ನೂ ನೋಡಬೇಕು. ಐದು ತುಂಡಿನದು ಮಡಿಸಿದಾಗ ಬಹು ಗಿಡ್ಡ; ಬೆನ್ನುಚೀಲದೊಳಗೇ ಅಡಗುತ್ತದೆ. ಆದರೆ ತುಂಡು ಹೆಚ್ಚಿದಷ್ಟೂ ಬಿಗಿಗಳು ಹೆಚ್ಚು, ಕೊನೆಯ ತುಂಡು ತೆಳು. ಮೂರು ತುಂಡಿನದು ಗಟ್ಟಿ, ಆದರೆ ಉದ್ದವಾಗಿ ಉಳಿದು ಪೊದೆಗೂ ಬಂಡೆಗೂ ತಗಲುತ್ತದೆ. ಕಡಿದಾದ ಮೆಟ್ಟಿಲಲ್ಲಿ ಹಾಗೆ ತಗಲುವುದು ಅಪಾಯ. ನಾಲ್ಕು ತುಂಡಿನದು ಸಾಮಾನ್ಯವಾಗಿ ಮಧ್ಯಮಮಾರ್ಗ. ಅಂಗಡಿಯಲ್ಲಿ ಕೊನೆಯ ತುಂಡನ್ನು ಎಳೆದು ನೋಡಿ. ಅದು ನಿಮ್ಮ ಕಿರುಬೆರಳಿಗಿಂತ ತೆಳುವಾಗಿದ್ದರೆ ಬೇಡವೆನ್ನಿ.

ಲೋಹವೋ ಕಾರ್ಬನ್ ಫೈಬರೋ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅಲ್ಯೂಮಿನಿಯಮ್ ನೀರಿಗಿಂತ 2.7 ಪಾಲು ಭಾರ. ಕಾರ್ಬನ್ ಫೈಬರಿನ ಕೊಳವೆ ಸುಮಾರು 1.6 ಪಾಲು. ಕಾರ್ಬನ್ನಿನದು ನಡುಕವನ್ನೂ ಬೇಗ ತಣಿಸುತ್ತದೆ, ಚಳಿಯಲ್ಲಿ ಬೆರಳನ್ನೂ ಕೊರೆಯುವುದಿಲ್ಲ. ಹೀಗಿದ್ದೂ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಮುಕ್ಕಾಲಿಯ ತೂಕವೆಲ್ಲ ಕೊಳವೆಯದಲ್ಲ. ತಲೆ, ಕೀಲು, ತಿರುಪುಗಳೆಲ್ಲ ಎರಡರಲ್ಲೂ ಲೋಹದವೇ. ಆದುದರಿಂದ ಒಂದೇ ಅಳತೆಯ ಎರಡು ಚಾರಣದ ಮುಕ್ಕಾಲಿಗಳನ್ನು ತೂಗಿದರೆ ವ್ಯತ್ಯಾಸ ಅನೇಕ ವೇಳೆ ಕಾಲು ಕಿಲೋದ ಆಸುಪಾಸಿನಲ್ಲಿರುತ್ತದೆ. ಬೆಲೆಯ ವ್ಯತ್ಯಾಸ ಮಾತ್ರ ಬಹಳ. ವರ್ಷಕ್ಕೆ ಎರಡು ಮೂರು ಸಲ ಬೆಟ್ಟ ಹತ್ತುವ ಕುಟುಂಬಕ್ಕೆ ಅಲ್ಯೂಮಿನಿಯಮ್ಮಿನದೇ ಸಾಕೆಂಬುದು ನಮ್ಮ ಅಭಿಪ್ರಾಯ. ಉಳಿದ ಹಣದಲ್ಲಿ ಒಳ್ಳೆಯ ಬೂಟು ಕೊಳ್ಳಬಹುದು. ತಿಂಗಳಿಗೊಮ್ಮೆ ಹೋಗುವವರೂ ಮಂಡಿನೋವಿನವರೂ ಕಾರ್ಬನ್ನಿಗೆ ಹಣ ಕೊಟ್ಟರೆ ಅದು ದುಂದಲ್ಲ.

ಕಾಲಿನ ಮೇಲಿನ ತಲೆಯನ್ನು ಬಹು ಮಂದಿ ಮರೆಯುತ್ತಾರೆ. ಚಾರಣಕ್ಕೆ ಅಂಗಡಿಯವರು ಬಾಲ್ ಹೆಡ್ ಎನ್ನುವ ಗುಂಡುಕೀಲಿನ ತಲೆ ಅನುಕೂಲ. ಒಂದೇ ತಿರುಪು ಸಡಿಲಿಸಿ ಎತ್ತ ಬೇಕಾದರೂ ತಿರುಗಿಸಬಹುದು. ಬಿಗಿಮಾಡಿದ ಮೇಲೆ ಅದು ಕೂದಲೆಳೆಯಷ್ಟೂ ಜಾರಬಾರದು. ಇಷ್ಟು ಕಿಲೋ ಹೊರುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಪೂರ್ತಿ ನಂಬಬೇಡಿ. ಆ ಅಂಕೆಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಕ್ಯಾಮರಾ ಮತ್ತು ಲೆನ್ಸಿನ ಒಟ್ಟು ತೂಕದ ಎರಡು ಮೂರು ಪಾಲು ಬರೆದಿರುವುದನ್ನು ಆರಿಸಿದರೆ ಚಿಂತೆಯಿಲ್ಲ.

ಕ್ಯಾಮರಾದ ಅಡಿಯಲ್ಲಿರುವ ತಿರುಪಿನ ತೂತು ಸಾಮಾನ್ಯವಾಗಿ ಎಲ್ಲ ಕ್ಯಾಮರಾಗಳಲ್ಲೂ ಕಾಲು ಇಂಚಿನದು. ಫೋನನ್ನು ಕಚ್ಚಿ ಹಿಡಿಯುವ ಹಿಡಿಕೆಗೂ ಅದೇ ತಿರುಪು. ಆದ್ದರಿಂದ ಇಂದು ಫೋನಿಗೆಂದು ಕೊಂಡ ಒಳ್ಳೆಯ ಮುಕ್ಕಾಲಿ ನಾಳೆ ಮಗಳು ಕ್ಯಾಮರಾ ಕೊಂಡರೆ ಅದಕ್ಕೂ ಒದಗುತ್ತದೆ. ಕ್ಯಾಮರಾ ಹಳತಾಗುತ್ತದೆ, ಫೋನು ಇನ್ನೂ ಬೇಗ ಹಳತಾಗುತ್ತದೆ; ಮುಕ್ಕಾಲಿ ಹತ್ತು ಹದಿನೈದು ವರ್ಷ ಬಾಳುವ ಒಡವೆ.

ಮೂರು ಕಾಲಿನದೇ ಆಗಬೇಕೆ? ಆಗಲೇಬೇಕೆಂದಿಲ್ಲ. ಗೇಣುದ್ದದ ಪುಟ್ಟ ಮುಕ್ಕಾಲಿ ಕಾಲು ಕಿಲೋದಿಂದ ಅರ್ಧ ಕಿಲೋ ತೂಗುತ್ತದೆ. ಅದನ್ನು ಬಂಡೆಯ ಮೇಲೋ ಕೋಟೆಯ ಗೋಡೆಯ ಮೇಲೋ ಇಟ್ಟರೆ ಉಳಿದ ಎತ್ತರವನ್ನು ಬೆಟ್ಟವೇ ಕೊಡುತ್ತದೆ. ಅಂಗೈಯಗಲದ ಬಟ್ಟೆಯ ಚೀಲಕ್ಕೆ ಹೆಸರುಕಾಳನ್ನೋ ರಾಗಿಯನ್ನೋ ತುಂಬಿ ಹೊಲಿದರೆ ಅದೂ ಒಳ್ಳೆಯ ಆಸರೆ; ಕ್ಯಾಮರಾ ಅದರೊಳಗೆ ಹುದುಗಿ ಕೂಡುತ್ತದೆ. ಕೊಂಬೆಗೆ ಸುತ್ತುವ ಬಾಗುಕಾಲಿನವು ಫೋನಿಗೆ ಸರಿ. ಭಾರದ ಕ್ಯಾಮರಾ ಕೂರಿಸಿದರೆ 20 ಸೆಕೆಂಡಿನಲ್ಲಿ ಮೆಲ್ಲಗೆ ಕುಸಿಯುತ್ತವೆ. ನಡೆಯುವ ಕೋಲಿನ ತುದಿಗೆ ಕ್ಯಾಮರಾ ಸಿಕ್ಕಿಸುವ ಉಪಾಯ ಹಗಲಿಗೆ ಮಾತ್ರ.

ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ ಎಂದು ನಮ್ಮ ಬಿನ್ನಹ. ಮೊದಲನೆಯದು ಹೆಗಲಿನದು. ಚಾರಣದ ಮುಕ್ಕಾಲಿ ತಲೆಯೂ ಸೇರಿ ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಮಾಮೂಲಿನ ಚೀಲಕ್ಕೆ ಒಂದೂವರೆ ಲೀಟರು ನೀರಿನ ಬಾಟಲಿಯೊಂದನ್ನು ಹೆಚ್ಚಾಗಿ ಹಾಕಿಕೊಂಡು ಸಿಂಹಗಡವನ್ನೊಮ್ಮೆ ನಡೆದೇ ಹತ್ತಿ ಬನ್ನಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಭಾರದ ಲೆಕ್ಕ ಏರಿನಲ್ಲಿ ತಿಳಿಯುತ್ತದೆ. ನೀರನ್ನಾದರೂ ದಾರಿಯಲ್ಲಿ ಕುಡಿದು ಹಗುರ ಮಾಡಿಕೊಳ್ಳಬಹುದು, ಮುಕ್ಕಾಲಿಯನ್ನು ಹಾಗೆ ಮಾಡಲಾಗದು. ರಾತ್ರಿ ತಂಗುವ ಚಾರಣದಲ್ಲಿ ಒಟ್ಟು ಹೊರೆ ದೇಹದ ತೂಕದ ಐದನೆಯ ಒಂದು ಪಾಲನ್ನು ಮೀರದಿರಲಿ ಎಂಬುದು ರೂಢಿಯ ಮಾತು. ಮುಕ್ಕಾಲಿಗೆ ಜಾಗ ಮಾಡಲು ಕುಡಿಯುವ ನೀರನ್ನು ಮಾತ್ರ ಯಾರೂ ಕಡಿಮೆ ಮಾಡಬಾರದು.

ಎರಡನೆಯ ಪರೀಕ್ಷೆ ಅಂಗಡಿಯದು. ನಿಮ್ಮ ಕ್ಯಾಮರಾವನ್ನೇ ಒಯ್ಯಿರಿ. ಅದನ್ನು ಕೂರಿಸಿ, ದೂರದ ಒಂದು ಬೋರ್ಡನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತ, ಒಂದು ಕಾಲನ್ನು ಬೆರಳಿನಿಂದ ತಟ್ಟಿ. ಬಿಂಬ ನಡುಗಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಎಣಿಸಿ. ಬೇಗ ನಿಂತದ್ದು ಉತ್ತಮ. ಆಮೇಲೆ ಕಣ್ಣು ಮುಚ್ಚಿಕೊಂಡು ಕಾಲುಗಳನ್ನು ಬಿಚ್ಚಿ, ಮತ್ತೆ ಮಡಿಸಿ. ಬೆಟ್ಟದ ಮೇಲೆ ಕತ್ತಲೆಯಲ್ಲಿ ಮಾಡಬೇಕಾದ ಕೆಲಸವೇ ಅದು. ತಿರುಗಿಸಿ ಬಿಗಿಮಾಡುವುದೋ, ಮಡಚಿ ಬಿಗಿಮಾಡುವುದೋ, ನಿಮ್ಮ ಕೈಗೆ ಒಗ್ಗಿದ್ದೇ ಸರಿ.

ಕೊಂಡದ್ದನ್ನು ಬಳಸುವ ಕ್ರಮವೂ ಒಂದಿದೆ. ಕಾಲು ನೀಳಮಾಡುವಾಗ ದಪ್ಪ ತುಂಡನ್ನು ಮೊದಲು ಬಿಚ್ಚಿ, ತೆಳುವಾದದ್ದನ್ನು ಕೊನೆಗೆ; ಆದರೆ ಬಿಚ್ಚದೆಯೇ ಬಿಡಿ. ಇಳಿಜಾರಿನಲ್ಲಿ ಎರಡು ಕಾಲು ತಗ್ಗಿನ ಕಡೆಗೆ, ಒಂದು ಏರಿನ ಕಡೆಗೆ ಇರಲಿ. ಗಾಳಿ ಬೀಸುತ್ತಿದ್ದರೆ ಅಡಿಯ ಕೊಕ್ಕೆಗೆ ಬೆನ್ನುಚೀಲವನ್ನು ತೂಗುಹಾಕಿ. ಅದು ನೆಲಕ್ಕೆ ತಾಗಿದಂತಿರಲಿ. ತೂಗಾಡಿದರೆ ಅದೇ ನಡುಕಕ್ಕೆ ಕಾರಣವಾಗುತ್ತದೆ. ಕ್ಯಾಮರಾದ ಕೊರಳಪಟ್ಟಿ ಗಾಳಿಗೆ ಪಟಪಟನೆ ಹಾರದಂತೆ ಕಳಚಿಡಿ. ಗುಂಡಿ ಒತ್ತಿದ ಎರಡು ಸೆಕೆಂಡಿನ ಮೇಲೆ ಚಿತ್ರ ತೆಗೆಯುವಂತೆ ಹೊಂದಿಸಿದರೆ ಬೆರಳಿನ ನಡುಕವೂ ತಪ್ಪುತ್ತದೆ. ಕೈನಡುಕ ತಡೆಯಲೆಂದು ಕ್ಯಾಮರಾದಲ್ಲಿರುವ ಏರ್ಪಾಡನ್ನು ಆ ಹೊತ್ತಿಗೆ ನಿಲ್ಲಿಸುವುದು ವಾಡಿಕೆ. ಕೊಂಕಣದ ಕಡಲತೀರಕ್ಕೆ ಒಯ್ದಿದ್ದರೆ ಮನೆಗೆ ಬಂದೊಡನೆ ಸಿಹಿನೀರಿನ ಬಟ್ಟೆಯಿಂದ ಒರೆಸಿ. ಉಪ್ಪೂ ಮರಳೂ ಬಿಗಿಗಳನ್ನು ಕೆಡಿಸುತ್ತವೆ.

ಇಷ್ಟೆಲ್ಲ ಮಾಡಿ ತೆಗೆಯುವುದೇನನ್ನು? ಈ ತಿಂಗಳಿಂದಲೇ ಆರಂಭಿಸಬಹುದು. ಕಾರ್ತಿಕದಲ್ಲಿ ಸಂಜೆಗೇ ಕೃತ್ತಿಕೆ ಮೂಡುತ್ತದೆ. ಅದರ ಹಿಂದೆ ರೋಹಿಣಿ, ಮೃಗಶಿರ. ಡಿಸೆಂಬರ್ 13, 14ರ ಸುಮಾರಿಗೆ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬೀಳುತ್ತವೆ. ಆಕಾಶಗಂಗೆಯ ನಡುಭಾಗ ಮಾರ್ಚಿಯಿಂದ ಮೇ ತಿಂಗಳವರೆಗೆ ಬೆಳಗಿನ ಜಾವದಲ್ಲಿ ಚೆನ್ನಾಗಿ ಕಾಣುತ್ತದೆ. ಮೇ ಕೊನೆಯಿಂದ ಮಳೆ ಬಲಿಯುವವರೆಗೆ ಪುರುಷವಾಡಿ, ಭಂಡಾರದರಾ ಕಡೆಗಳಲ್ಲಿ ಮಿಣುಕುಹುಳುಗಳ ದೀಪಾವಳಿ. 2024ರ ಅಕ್ಟೋಬರಿನಲ್ಲಿ ಪಡುವಣ ಬಾನಿನಲ್ಲಿ ಧೂಮಕೇತುವೊಂದು ಕಂಡಿತು; ಅಂಥದು ಬಂದಾಗ ಸಿದ್ಧವಾಗಿದ್ದವರಿಗೆ ಲಾಭ.

ಧ್ರುವನಕ್ಷತ್ರದ ಸುತ್ತ ನಕ್ಷತ್ರಗಳು ಬಳೆಯಂತೆ ತಿರುಗುವ ಚಿತ್ರವನ್ನೂ ತೆಗೆಯಬಹುದು. ಧ್ರುವ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ನಾವಿರುವ ಊರಿನ ಅಕ್ಷಾಂಶದಷ್ಟೇ: ಬೆಂಗಳೂರಿನಲ್ಲಿ 13 ಡಿಗ್ರಿ, ಪುಣೆಯಲ್ಲಿ ಹದಿನೆಂಟೂವರೆ, ದಿಲ್ಲಿಯಲ್ಲಿ ಇಪ್ಪತ್ತೆಂಟೂವರೆ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಊರುಬಿಟ್ಟು ಬಡಗಣಕ್ಕೆ ಬಂದ ನಾವು ಎಷ್ಟು ದೂರ ಬಂದಿದ್ದೇವೆಂಬುದನ್ನು ಮಕ್ಕಳು ಮುಷ್ಟಿಯಲ್ಲೇ ಅಳೆಯಬಹುದು. ದಿಲ್ಲಿಯ ಬಂಧುಗಳಿಗೆ ಲಡಾಖಿನ ಹಾನ್ಲೆಯೂ ದೂರವಲ್ಲ. ಸುಮಾರು 4,500 ಮೀಟರ್ ಎತ್ತರದ ಆ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ತಾಣವೆಂದು ಸಾರಿದರು. ಅಲ್ಲಿಯ ಎರಡು ಮೀಟರಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ.

ಕೊನೆಯದಾಗಿ ಎಚ್ಚರಿಕೆಯ ಎರಡು ಮಾತು. ಕೋಟೆಗಳ ಮೇಲೂ ಕಾಡುಗಳಲ್ಲೂ ರಾತ್ರಿ ತಂಗಲು ಎಲ್ಲೆಡೆ ಒಪ್ಪಿಗೆಯಿಲ್ಲ. ಹೊರಡುವ ಮೊದಲೇ ವಿಚಾರಿಸಬೇಕು. ರಜೆಗೆ ಊರಿಗೆ ಹೋದಾಗ ಹಂಪೆ, ಬಾದಾಮಿ, ಪಟ್ಟದಕಲ್ಲುಗಳಿಗೆ ಮುಕ್ಕಾಲಿ ಒಯ್ಯುವ ಮನಸ್ಸಿದ್ದರೆ, ಪುರಾತತ್ತ್ವ ಇಲಾಖೆಯ ರಕ್ಷಣೆಯ ಸ್ಮಾರಕಗಳಲ್ಲಿ ಅದನ್ನು ಹೂಡಲು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬುದು ನೆನಪಿರಲಿ. ಇನ್ನೊಂದು, ಕತ್ತಲೆಯಲ್ಲಿ ಪರದೆ ನೋಡುತ್ತ ಹೆಜ್ಜೆ ಹಿಂದಿಡಬೇಡಿ. ಹರಿಶ್ಚಂದ್ರಗಡದ ಕೊಂಕಣಕಡೆಯಂಥ ಪ್ರಪಾತಗಳ ಅಂಚು ಅಪಾಯದ್ದು. ಜಾಗವನ್ನು ಹಗಲಲ್ಲೇ ನೋಡಿಟ್ಟು, ಅಂಚಿನಿಂದ ಹತ್ತು ಹೆಜ್ಜೆ ಈಚೆಗೆ ಮುಕ್ಕಾಲಿ ಹೂಡಿ. ಮುಕ್ಕಾಲಿಯ ದೊಡ್ಡ ಉಪಕಾರವೇ ಇದು: ಕ್ಯಾಮರಾವನ್ನು ಅದು ಹಿಡಿದಿರುತ್ತದೆ, ನಮ್ಮ ಒಂದು ಕೈಗೆ ಟಾರ್ಚು, ಇನ್ನೊಂದು ಕೈಗೆ ಮಗುವಿನ ಕೈ.

ನಮ್ಮ ಬಳಗದ ಒಂದು ಸೂಚನೆಯನ್ನು ಸಂಘದ ಮುಂದಿಟ್ಟು ಮುಗಿಸುತ್ತೇವೆ. ಪುಸ್ತಕಭಂಡಾರದಲ್ಲಿ ಪುಸ್ತಕವಿರುವಂತೆ ಎರಡು ಮುಕ್ಕಾಲಿಗಳೂ ಇರಲಿ. ಒಂದು ಸೊಂಟದೆತ್ತರದ್ದು, ಒಂದು ಗೇಣೆತ್ತರದ್ದು. ಸದಸ್ಯರು ಒಯ್ದು, ಒಂದು ಬೆಟ್ಟ ಹತ್ತಿ, ಒಂದು ರಾತ್ರಿ ಬಳಸಿ, ತಮಗೆ ಯಾವುದು ಬೇಕೆಂದು ತಿಳಿದ ಮೇಲೆ ಕೊಳ್ಳಲಿ. ಕೆಲವರಿಗೆ ಕೊಳ್ಳುವುದೇ ಬೇಡವೆನ್ನಿಸಬಹುದು, ಅದೂ ಲಾಭವೇ.